ಏಳು ಮೇಣದಬತ್ತಿಗಳ ಗುಪ್ತಸಂಘ

"ಇನ್ಮೇಲೆ ನನ್ನ ಪುಸ್ತಕದಲ್ಲಿ ಶೆರಿಫ್ ಇರಲ್ಲ" ಎಂದು ಮಾರ್ಲಿಸ್ ವಾನ್ ಝೀ ಬೆಳಗಿನ ತಿಂಡಿಯ ಮೇಜಿನಿಂದ ರಾಜಾಜ್ಞೆ ಹೊರಡಿಸಿದಾಗ ಅವಳ ಗಂಡ ವರ್ಲಿನ್ ಮೊಟ್ಟೆಯ ಮೇಲೆ ಮೆಣಸಿನಪುಡಿ ಉದುರಿಸುತ್ತಿದ್ದ. ಉದುರಿಸುವುದನ್ನು ನಿಲ್ಲಿಸಲಿಲ್ಲ. ಆ ಮನೆಯ ಒಲೆ ಅರ್ಧ ಉರಿಯುತ್ತಿದ್ದದ್ದು ಅವನ ಕಾರ್ಪೆಟ್ ಅಂಗಡಿಯಿಂದ, ಇನ್ನರ್ಧ ಅವಳ ಶೆರಿಫನಿಂದ.

"ಅವನೇನು ತಪ್ಪು ಮಾಡಿದ, ಪಾಪ?"

"ಹದಿನಾಲ್ಕು ಕಾದಂಬರೀಲಿ ದವಡೆ ಬಿಗಿಹಿಡ್ಕೊಂಡು ನಿಂತಿದಾನೆ. ಓದೋರಿಗೆ ಹಲ್ಲುನೋವು ಬಂದಿರತ್ತೆ."

ಅಯೋವಾದ ನ್ಯೂ ಹಾರ್ಲಿಂಗ್ ಎಂಬ ಸಣ್ಣ ಊರಿನಲ್ಲಿ ಕೂತು ಮಾರ್ಲಿಸ್ ಬರೆಯುತ್ತಿದ್ದದ್ದು ಪ್ರೇಮವೂ ಪ್ರಾಣಭಯವೂ ಸಮಪಾಲಿನಲ್ಲಿರುವ ಕಾದಂಬರಿಗಳು. ಒಂಟಿ ಹೆಂಗಸು, ಒಂಟಿ ಮನೆ, ಪರದೆಯ ಹಿಂದೆ ಯಾರೋ. ಕೊಲೆಗಾರ ಇವನೇ ಇರಬಹುದೇ ಎಂದು ನಾಯಕಿ ಊರಿನ ಪೊಲೀಸ್ ಮುಖ್ಯಸ್ಥನಾದ ಶೆರಿಫನನ್ನು ಅನುಮಾನಿಸುತ್ತಾಳೆ, ಕೊನೆಗೆ ಅವನನ್ನೇ ಮದುವೆಯಾಗುತ್ತಾಳೆ. ಸೂಪರ್‌ಮಾರ್ಕೆಟ್ಟಿನಲ್ಲಿ ಬಿಲ್ ಹಾಕಿಸುವ ಸಾಲಿನ ಪಕ್ಕ, ಚ್ಯೂಯಿಂಗ್ ಗಮ್ಮಿನ ನೆರೆಹೊರೆಯಲ್ಲಿ ಆ ಪುಸ್ತಕಗಳು ಇರುತ್ತಿದ್ದವು. ಈಚೆಗೆ ಗಮ್ಮೇ ಹೆಚ್ಚು ಖರ್ಚಾಗುತ್ತಿತ್ತು.

ಈಗ ಪೇಟೆಯಲ್ಲಿ ಓಡುತ್ತಿರುವ ಸರಕು 'ಡಾರ್ಕ್ ಅಕಾಡೆಮಿಯಾ'. ಬಳ್ಳಿ ಹಬ್ಬಿದ ಕಲ್ಲಿನ ಕಾಲೇಜು, ಉಣ್ಣೆಯ ಕೋಟು, ಲ್ಯಾಟಿನ್ ಭಾಷೆ, ಮೇಣದಬತ್ತಿ, ವಿದ್ಯಾರ್ಥಿಗಳ ಗುಪ್ತಸಂಘ, ಎಲ್ಲೋ ಒಂದು ಮೂಲೆಯಲ್ಲಿ ಹೆಣ. ಇಷ್ಟಿದ್ದರೆ ಎಳೆಯರು ಮುಗಿಬಿದ್ದು ಕೊಳ್ಳುತ್ತಾರೆ. ಮಾರ್ಲಿಸಳೂ ಕಾಲೇಜು ಕಂಡವಳೇ, ಎರಡು ಅವಧಿಯ ಲೆಕ್ಕಪತ್ರದ ಕೋರ್ಸು. ಆ ಕಟ್ಟಡಕ್ಕೆ ಬಳ್ಳಿ ಹಬ್ಬಿರಲಿಲ್ಲ. ಪಕ್ಕದ ದನದ ಮೇವಿನಂಗಡಿಯ ವಾಸನೆ ಹಬ್ಬಿತ್ತು.

ಆದರೂ ಮೂರು ಅಧ್ಯಾಯ ಬರೆದು ನ್ಯೂಯಾರ್ಕಿನ ಸಂಪಾದಕಿ ಕೊರಿನ್‌ಗೆ ಕಳಿಸಿದಳು. ಕೊರಿನ್ ಫೋನು ಮಾಡಿದಳು.

"ಎಲ್ಲಾ ಇದೆ ಮಾರ್ಲಿಸ್. ಕೋಟಿದೆ, ಮಂಜಿದೆ, ಲ್ಯಾಟಿನ್ ಅಂತೂ ಬೇಕಾದ್ದಕ್ಕಿಂತ ಜಾಸ್ತಿ ಇದೆ. ಭಯ ಒಂದಿಲ್ಲ. ಗುಪ್ತಸಂಘಕ್ಕೆ ಸೇರೋ ಹುಡುಗೀರು ಬ್ಯಾಂಕಲ್ಲಿ ಖಾತೆ ತೆಗೆಯೋಕೆ ಬಂದೋರ ಥರ ನಿಂತಿದಾರೆ. ಆ ಅಧ್ಯಾಯ ಶುಕ್ರವಾರದೊಳಗೆ ಸರಿಮಾಡಿ ಕಳಿಸು. ಆಗದಿದ್ರೆ ಬೇಜಾರು ಮಾಡ್ಕೋಬೇಡ. ನಮ್ಮ ಶೆರಿಫ್ ಇದಾನಲ್ಲ."

ಆ ಕೊನೆಯ ಮಾತು ಮಾರ್ಲಿಸಳ ಎದೆಗೆ ನಾಟಿತು. ಹದಿನೈದನೆಯ ಸಲ ಆ ದವಡೆಯನ್ನು ವರ್ಣಿಸುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಭಯವನ್ನು ಕಲ್ಪಿಸಿಕೊಂಡು ಬರೆಯುವುದಕ್ಕಿಂತ ನೋಡಿ ಬರೆಯುವುದು ಲೇಸೆಂದು ಅವಳು ತೀರ್ಮಾನಿಸಿದಳು. ಮನೆಯಲ್ಲೇ ಗುಪ್ತಸಂಘ ಕಟ್ಟುವುದು, ಊರಿನ ಆರು ಹೆಂಗಸರನ್ನು ಕರೆಯುವುದು, ದೀಕ್ಷೆ ಕೊಡುವಾಗ ಮುಖಗಳನ್ನು ಗಮನಿಸುವುದು. ಮೊದಲೇ ಹೇಳಿದರೆ ಯಾರೂ ಹೆದರುವುದಿಲ್ಲವಾದ್ದರಿಂದ ಯಾರಿಗೂ ಏನೂ ಹೇಳುವಂತಿಲ್ಲ. ಕಪ್ಪು ಕಾರ್ಡಿನ ಮೇಲೆ ಬೆಳ್ಳಿ ಶಾಯಿಯಲ್ಲಿ ಬರೆದು, ಕೆಂಪು ಅರಗಿನ ಮುದ್ರೆ ಒತ್ತಿ, ಗಂಡನಿಗೆ ತೋರಿಸಿದಳು.

ವರ್ಲಿನ್ ಕನ್ನಡಕ ಏರಿಸಿ ಓದಿದ. "ಮಂಗಳವಾರ ಸಂಜೆ ಆರಕ್ಕೆ. ಕಪ್ಪು ಬಟ್ಟೆ ಧರಿಸಿ. ಯಾರಿಗೂ ಹೇಳಬೇಡಿ. ನಿಮ್ಮ ಬದುಕು ಬದಲಾಗಲಿದೆ." ಇನ್ನೊಮ್ಮೆ ಓದಿದ. "ಯಾಕೆ ಕರೀತಿದೀಯ ಅಂತ ಬರೆದಿಲ್ಲ."

"ಅದೇ ಗುಟ್ಟು."

"'ಬದುಕು ಬದಲಾಗಲಿದೆ' ಅಂತ ಹಾಕಿದೀಯ. ಈ ಊರಲ್ಲಿ."

"ಈ ಊರಲ್ಲೇ. ಯಾಕೆ?"

ವ್ಯಾಪಾರದಲ್ಲಿ ತಲೆ ನರೆತವನು ವರ್ಲಿನ್. ಗಿರಾಕಿ ಒಂದು ಬಣ್ಣಕ್ಕೆ ಮನಸೋತ ಮೇಲೆ ಅಡ್ಡ ಮಾತಾಡಬಾರದೆಂದು ಬಲ್ಲವನು. "ಏನಿಲ್ಲ, ಅರಗು ಚೆನ್ನಾಗಿ ಕೂತಿದೆ" ಎಂದ.

ಮಂಗಳವಾರದ ಹೊತ್ತಿಗೆ ಬೈಠಕ್‌ಖಾನೆ ಆಕ್ಸ್‌ಫರ್ಡಿನ ಚಿಕ್ಕಪ್ಪನ ಮಗನಂತೆ ಆಗಿತ್ತು. ಕಪಾಟಿನ ತುಂಬ ಗ್ರಂಥಾಲಯ ಹೊರಹಾಕಿದ ದಪ್ಪ ಪುಸ್ತಕಗಳು. ಬೆನ್ನಿಗೆ ಬಂಗಾರದ ಅಕ್ಷರ, ಒಳಗೆ ಹಂದಿಗಳ ಚರ್ಮರೋಗ. ಮೇಜಿನ ಮೇಲೆ ಹ್ಯಾಲೋವೀನ್ ಮುಗಿದ ಮೇಲೆ ಅಗ್ಗಕ್ಕೆ ಸಿಕ್ಕ ಪ್ಲಾಸ್ಟಿಕ್ ತಲೆಬುರುಡೆ. ಅದರ ಸುತ್ತ ಏಳು ದಪ್ಪ ಮೇಣದಬತ್ತಿ. ಅವೂ ಅಗ್ಗದವೇ, ದಾಲ್ಚಿನ್ನಿ ಮತ್ತು ಸೇಬಿನ ಪರಿಮಳದವು. ಸಾವಿನ ನೆರಳು ಸುಳಿಯಬೇಕಾದ ಕೋಣೆಯಲ್ಲಿ ಆಗತಾನೇ ಒಲೆಯಿಂದ ಇಳಿಸಿದ ಸೇಬಿನ ಕಡುಬಿನ ಘಮಘಮ. ಡೊಳ್ಳುಹೊಟ್ಟೆಯ ವರ್ಲಿನ್ ಕಪ್ಪು ನಿಲುವಂಗಿ ತೊಟ್ಟು ಬಾಗಿಲ ಬಳಿ ಪ್ರಾಧ್ಯಾಪಕನಾಗಿ ನಿಂತ. ಮಾತಾಡಬಾರದೆಂದು ಅಪ್ಪಣೆಯಾಗಿತ್ತು.

ಆರು ಹೆಂಗಸರೂ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಇದು ಮಾರ್ಲಿಸಳಿಗೆ ಆಶ್ಚರ್ಯ ತರಬೇಕಿತ್ತು. ಟ್ವೈಲಾ ಹ್ಯಾಮ್ ತುಂಬಿದ ಬನ್ನು ತಂದಿದ್ದಳು. ಆ ಊರಲ್ಲಿ ಮರಣದಂಡನೆಗೆ ಕರೆದರೂ ಬರಿಗೈಲಿ ಹೋಗುವುದಿಲ್ಲ. ಒಳಗೆ ಬರುತ್ತಲೇ ಅವಳು ವರ್ಲಿನ್‌ನ ತೋಳು ಮುಟ್ಟಿ ನೋಡಿದಳು.

"ಇದು ನಮ್ಮ ಚರ್ಚಿನ ಹಾಡುಗಾರರದ್ದಲ್ವಾ? ಭಾನುವಾರದೊಳಗೆ ವಾಪಸ್ ಇಡಪ್ಪಾ. ಬನ್ನಿನ ಸಾಸಿವೆ ಸಾಸು ಗೀಸು ಬೀಳಿಸ್ಕೋಬೇಡ."

ಎಲ್ಲರೂ ಅರ್ಧವೃತ್ತದಲ್ಲಿ ಕೂತರು. ಆರು ಕೈಚೀಲಗಳು ಆರು ಮಡಿಲುಗಳಲ್ಲಿ ಭದ್ರವಾಗಿದ್ದವು.

ಮಾರ್ಲಿಸ್ ದನಿ ತಗ್ಗಿಸಿದಳು. "ಈ ಹೊಸ್ತಿಲು ದಾಟಿದವರಿಗೆ ಹಿಂದಿನ ಬದುಕಿಲ್ಲ."

ಎಂಬತ್ತು ದಾಟಿದ ಆರ್ಡಿತ್ ಅಜ್ಜಿ ಬಗ್ಗಿ ಹತ್ತಿರದ ಮೇಣದಬತ್ತಿಯನ್ನು ಮೂಸಿದಳು. "ಇದು ಎಷ್ಟು ಹೊತ್ತು ಉರಿಯತ್ತೆ ಮಗಳೇ?"

"ಕೊನೆಯ ಉಸಿರಿನವರೆಗೆ" ಎಂದಳು ಮಾರ್ಲಿಸ್, ಪಾತ್ರ ಬಿಡದೆ.

ಅಜ್ಜಿ ಪಕ್ಕದ ಜೋಲೀನ್‌ಗೆ ತಲೆಯಾಡಿಸಿದಳು. "ಒಳ್ಳೆ ಮಾಲು."

"ಊರಿನಷ್ಟೂ ಜನರಲ್ಲಿ ನಿಮ್ಮನ್ನೇ ಆರಿಸಿದೀನಿ. ಹುಣ್ಣಿಮೆಯೊಳಗೆ ನಿಮ್ಮಲ್ಲಿ ಪ್ರತಿಯೊಬ್ಬರೂ ಇನ್ನಿಬ್ಬರನ್ನ ಇಲ್ಲಿಗೆ ತರಬೇಕು. ಆ ಇಬ್ಬರು ತಲಾ ಮತ್ತಿಬ್ಬರನ್ನ. ಒಮ್ಮೆ ಸೇರಿದ ಮೇಲೆ ಬಿಡೋ ಹಾಗಿಲ್ಲ."

ಆಗ ಕಂಡಿತು ಭಯ. ಟ್ವೈಲಾ ಬಾಯಿಗಿಟ್ಟ ಬನ್ನನ್ನು ಕಚ್ಚದೆ ಕೆಳಗಿಳಿಸಿದಳು. ಜೋಲೀನ್ ಕೈಚೀಲವನ್ನು ಎದೆಗವಚಿಕೊಂಡಳು. ಮಾರ್ಲಿಸಳ ಹೃದಯ ಕುಣಿಯಿತು. ಒಂದೊಂದು ರೆಪ್ಪೆಯ ಅದುರನ್ನೂ ಅವಳು ಮನಸ್ಸಿನಲ್ಲೇ ಗುರುತುಹಾಕಿಕೊಂಡಳು.

"ನನ್ನ ಕೈಲಾಗಲ್ಲ ಮಾರ್ಲಿಸ್" ಎಂದಳು ಜೋಲೀನ್. "ಗ್ಯಾರೇಜ್ ತುಂಬಾ ಇನ್ನೂ ಮಸಾಲೆ ಡಬ್ಬಿ ಹಾಗೇ ಇವೆ. ಗಂಡ ಕಾರನ್ನ ಹೊರಗೆ ಹಿಮದಲ್ಲಿ ನಿಲ್ಲಿಸ್ತಾನೆ. ಇನ್ನೊಂದು ಸಲ ಏನಾದ್ರೂ ಸೇರಿದ್ರೆ ನನ್ನನ್ನೂ ಅಲ್ಲೇ ನಿಲ್ಲಿಸ್ತಾನೆ."

"ಮಸಾಲೆ?" ಎಂದಳು ಮಾರ್ಲಿಸ್.

ಅಷ್ಟರಲ್ಲಿ ಟ್ವೈಲಾ ಎದ್ದು ಬಾಗಿಲ ಕಡೆ ಸರಿಯಲು ಹೋಗಿ ಮೇಜಿಗೆ ಮೊಣಕಾಲು ತಾಗಿಸಿದಳು. ಮೇಣದಬತ್ತಿಯೊಂದು ಉರುಳಿ ಕೆನೆಬಣ್ಣದ ಕಾರ್ಪೆಟ್ಟಿನ ಮೇಲೆ ಕರಗಿದ ಮೇಣವನ್ನೆಲ್ಲ ಸುರಿದು ತಾನು ಆರಿಹೋಯಿತು. ಪ್ರಾಧ್ಯಾಪಕರು ಒಳಗೆ ಹೋಗಿ ಇಸ್ತ್ರಿಪೆಟ್ಟಿಗೆ, ಒಂದು ಕಂದು ಕಾಗದದ ಚೀಲ ತಂದರು. ನಿಲುವಂಗಿ ಮೇಲೆತ್ತಿಕೊಂಡು ಮೊಣಕಾಲೂರಿ, ಕಲೆಯ ಮೇಲೆ ಕಾಗದ ಹರಡಿ, ಬಿಸಿ ಇಸ್ತ್ರಿ ಒತ್ತಿದರು. ಮೇಣವೆಲ್ಲ ಕಾಗದಕ್ಕೆ ಏರಿತು. ಕಾರ್ಪೆಟ್ಟು ಹೊಸದರಂತೆ ಮೇಲೆದ್ದಿತು.

ಹೆಂಗಸರು ಚಪ್ಪಾಳೆ ತಟ್ಟಿದರು.

"ಇಂಥ ಪ್ರದರ್ಶನ ಯಾವ ಪಾರ್ಟೀಲೂ ನೋಡಿರ್ಲಿಲ್ಲ" ಎಂದಳು ಟ್ವೈಲಾ. "ಕಾರ್ಪೆಟ್ಟೂ ಇದರ ಜೊತೆಗೇ ಮಾರ್ತೀರಾ?"

"ಬೇರೆ ಲೆಕ್ಕ" ಎಂದ ವರ್ಲಿನ್, ಅಪ್ಪಣೆ ಮುರಿದು. "ಅಳತೆಗೆ ಗುರುವಾರ ಬರ್ಲಾ?"

ಆರ್ಡಿತ್ ಅಜ್ಜಿ ಚೀಲದಿಂದ ಚೆಕ್‌ಪುಸ್ತಕ ತೆಗೆದಳು. "ನೋಡು ಮಗಳೇ, ನಿನ್ನ ಕೆಳಗೆ ಸೇರಿ ಮಾರೋದು ಈ ವಯಸ್ಸಲ್ಲಿ ನನ್ನಿಂದ ಆಗದು. ಆದ್ರೆ ನೀನು ಜೋಲೀನ್ ಹತ್ರ ಮಸಾಲೆ ತಗೊಂಡೆ, ಟ್ವೈಲಾ ಹತ್ರ ಆ ಹೂವಿನ ಲೆಗ್ಗಿಂಗ್ಸ್ ತಗೊಂಡೆ, ನನ್ನ ಹತ್ರ ಪ್ಲಾಸ್ಟಿಕ್ ಡಬ್ಬಿ ತಗೊಂಡೆ. ಈಗ ನಿನ್ನ ಸರದಿ ಬಂದಾಗ ನಾವು ಬರ್ದೆ ಇರ್ತೀವಾ? ನನಗೆರಡು ಮೇಣದಬತ್ತಿ ಬರ್ಕೋ."

ಮಾರ್ಲಿಸ್ ಕೂತುಬಿಟ್ಟಳು. ಆ ಊರಿನಲ್ಲಿ ಹುಟ್ಟುಹಬ್ಬವಿಲ್ಲದೆ, ಬಸುರಿಯಿಲ್ಲದೆ, ಯಾಕೆಂದು ಹೇಳದೆ ಒಬ್ಬಳು ಆರು ಜನರನ್ನು ಮನೆಗೆ ಕರೆದು, ಬದುಕು ಬದಲಾಗುತ್ತದೆ ಎಂದರೆ ಅರ್ಥ ಒಂದೇ: ಗೆಳತಿಯರನ್ನೇ ಗಿರಾಕಿಗಳನ್ನಾಗಿ, ಗಿರಾಕಿಗಳನ್ನೇ ಮಾರುವವರನ್ನಾಗಿ ಮಾಡುವ ಯಾವುದೋ ಸರಪಳಿ ಕಂಪನಿಗೆ ಸೇರಿ ಅವಳು ಏನನ್ನೋ ಮಾರಲು ಶುರುಮಾಡಿದ್ದಾಳೆ. ಅಂಥ ಸಂಜೆಗಳಿಗೆ ಹೋಗಿ ಹೋಗಿ ಕೊಂಡ ಡಬ್ಬಿಗಳಿಂದ ಮಾರ್ಲಿಸಳ ಅಡುಗೆಮನೆಯ ಕಪಾಟಿನ ಬಾಗಿಲು ಮುಚ್ಚುತ್ತಿರಲಿಲ್ಲ. ಉಣ್ಣೆಯ ಕೋಟಿನ ಗುಂಗಿನಲ್ಲಿ ಅದು ನೆನಪಾಗಿರಲಿಲ್ಲ. ತಾನು ಗುರುತುಹಾಕಿಕೊಂಡ ಭಯವೆಲ್ಲ ಗ್ಯಾರೇಜು ತುಂಬುವ ಭಯವಾಗಿತ್ತು. ಅದನ್ನು ಕಾಲೇಜಿನ ಹುಡುಗಿಯರ ಮುಖಕ್ಕೆ ಅಂಟಿಸುವುದು ಹೇಗೆ? ಶೆರಿಫ್ ಎಲ್ಲೋ ದೂರದಲ್ಲಿ ದವಡೆ ಬಿಗಿಹಿಡಿದು ಕಾಯುತ್ತಿರುವಂತೆ ಅವಳಿಗೆ ಕಂಡಿತು.

"ನಾನು ಏನೂ ಮಾರ್ತಾ ಇಲ್ಲ ಕಣ್ರೇ" ಎಂದಳು ಸೋತ ದನಿಯಲ್ಲಿ.

ಯಾರೂ ನಂಬಲಿಲ್ಲ. ಎಲ್ಲರೂ ಮೊದಲು ಹೇಳುವುದು ಅದನ್ನೇ.

"ನಿಜವಾಗ್ಲೂ. ಇದೆಲ್ಲ ನನ್ನ ಕಾದಂಬರಿಗೋಸ್ಕರ." ನಂಬಿಸಲೆಂದೇ ಅವಳು ಕಪಾಟಿನಿಂದ ತನ್ನ ಹದಿನಾಲ್ಕನೆಯ ಪುಸ್ತಕ ತೆಗೆದು ಮುಂದೆ ಚಾಚಿದಳು.

ಟ್ವೈಲಾ ಎರಡೂ ಕೈಗಳನ್ನು ಬೆನ್ನ ಹಿಂದೆ ಸೇರಿಸಿದಳು. ಜೋಲೀನಳ ಕಣ್ಣು ಬಾಗಿಲು ಹುಡುಕಿತು, ಕಿಟಕಿ ಹುಡುಕಿತು. ಯಾರದೋ ಕುರ್ಚಿ ತಾನಾಗಿಯೇ ಎಂಬಂತೆ ಒಂದು ಗೇಣು ಹಿಂದೆ ಸರಿಯಿತು. ತಲೆಬುರುಡೆಯೊಂದೇ ಧೈರ್ಯವಾಗಿ ನಗುತ್ತಿತ್ತು.

"ಅದನ್ನ..." ಟ್ವೈಲಾ ಗಲ್ಲ ಎತ್ತಿ ಪುಸ್ತಕದತ್ತ ತೋರಿಸಿದಳು. "ಅದನ್ನ ತಗೊಂಡ್ರೆ ಸಾಕಾ, ಓದ್ಲೂಬೇಕಾ?"

ಉತ್ತರಕ್ಕೆ ಅಜ್ಜಿ ಕಾಯಲಿಲ್ಲ. "ಮೇಣದಬತ್ತಿ ನಾಲ್ಕು ಮಾಡು" ಎಂದಳು ಅವಸರದಲ್ಲಿ. ಉಳಿದವರೂ ಅಷ್ಟೇ ಅವಸರದಲ್ಲಿ ಬರೆಸಿದರು.

ಮಾರ್ಲಿಸ್ ಮರುದಿನ ಬೆಳಗ್ಗೆ ಬರೆಯಲು ಕೂತವಳು ಊಟಕ್ಕೂ ಏಳಲಿಲ್ಲ. ಅಧ್ಯಾಯ ಗುರುವಾರವೇ ಹೋಯಿತು. ಶುಕ್ರವಾರ ಕೊರಿನ್ ಫೋನು ಮಾಡಿದಾಗ ವರ್ಲಿನ್ ಅದೇ ಬೈಠಕ್‌ಖಾನೆಯಲ್ಲಿ ನೆಲದ ಮೇಲೆ ಕೂತು, ಅದೇ ಅಗ್ಗದ ಅಂಗಡಿಯಿಂದ ಸಗಟಾಗಿ ತಂದ ಮೇಣದಬತ್ತಿಗಳನ್ನು ಡಬ್ಬಿಗಳಿಗೆ ತುಂಬುತ್ತಿದ್ದ.

"ಒಂದೊಂದು ಡಬ್ಬಿಗೆ ನಿನ್ನ ಪುಸ್ತಕ ಒಂದೊಂದು ಹಾಕ್ಲಾ? ಉಚಿತ ಅಂತ?"

"ಬೇಡ" ಎಂದಳು ಮಾರ್ಲಿಸ್, ಫೋನಿಗೆ ಕೈ ಅಡ್ಡ ಹಿಡಿದು. "ಆರ್ಡರ್ ವಾಪಸ್ ತಗೋತಾರೆ."

"ಮಾರ್ಲಿಸ್, ಇದು ಅದ್ಭುತ" ಎನ್ನುತ್ತಿದ್ದಳು ಕೊರಿನ್. "ಪುಸ್ತಕ ಮುಂದುವರಿಸು, ಶೆರಿಫ್‌ಗೆ ನಿವೃತ್ತಿ. ಸಂಘದ ಒಡತಿ ಕತ್ತಲಲ್ಲಿ ಏನನ್ನೋ ಮುಂದೆ ಚಾಚ್ತಾಳೆ, ಹುಡುಗೀರು ಕೈ ಬೆನ್ನಿಗೆ ಕಟ್ಕೊಂಡು ಹಿಂದೆ ಸರೀತಾರೆ. ಓದ್ತಾ ಓದ್ತಾ ನನ್ನ ಕಾಫಿ ತಣ್ಣಗಾಗೋಯ್ತು. ಆದ್ರೆ ಅವಳ ಕೈಯಲ್ಲಿ ಇದ್ದದ್ದು ಏನು ಅಂತ ಕೊನೇವರೆಗೂ ಹೇಳಿಲ್ಲ. ಬೇಕಂತ್ಲೇ ಬಿಟ್ಟಿದೀಯಾ?"

"ಬೇಕಂತ್ಲೇ."

"ನನ್ನೊಬ್ಬಳಿಗೆ ಹೇಳು. ಏನದು, ಹೆಣದ ಕೈಯಾ?"

ಮಾರ್ಲಿಸ್ ಕಪಾಟಿನ ಕಡೆ ನೋಡಿದಳು. ಹಂದಿಗಳ ಚರ್ಮರೋಗದ ಪಕ್ಕ ಹದಿನಾಲ್ಕು ಶೆರಿಫರು ಸಾಲಾಗಿ ನಿಂತಿದ್ದರು.

"ಅದನ್ನ ಹೇಳಿದ್ರೆ ನೀನು ಅಚ್ಚು ಹಾಕಲ್ಲ, ಕೊರಿನ್" ಎಂದಳು.