ಟಾಕಿಯಿಂದ ಕಾರ್ಬೋರೇಟರಿಗೆ ಒಂದು ಗೇಣು ದಾರಿ

ನನ್ನ ಗಾಡಿ ಹೊರಟ ಜಾಗದಿಂದ ಮುಟ್ಟಬೇಕಾದ ಜಾಗಕ್ಕೆ ಸುಮ್ಮನೆ ಹೋಗಿ ಮುಟ್ಟಿದ ದಿನ ಮನೆಯಲ್ಲಿ ಹೇಳಿಕೊಳ್ಳಲಿಕ್ಕೆ ಏನೂ ಇರುವುದಿಲ್ಲ. ಅಂಥ ದಿನಗಳು ಕಡಿಮೆ.

ನಾನು ಕಲಬುರಗಿಯ ಗಾಜಿಪುರದವನು. ವಾರವೆಲ್ಲ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ, ರಜೆ ಬಂತೆಂದರೆ ಮನೆತನದ ಪೌರೋಹಿತ್ಯ. ತಂದೆಯ ಕಾಲದಿಂದ ನಮ್ಮನ್ನೇ ಕರೆಯುವ ಮನೆಗಳು ಕಮಲಾಪುರದಲ್ಲಿ ಹೆಚ್ಚು. ಹಾಗಾಗಿ ಪಂಚೆ ಉಟ್ಟು, ಶಲ್ಯ ಹೊದ್ದು, ಹುಮನಾಬಾದ್ ರಸ್ತೆ ಹಿಡಿಯುವುದು ನನಗೆ ತಪ್ಪಿದ್ದಲ್ಲ. ಗಾಡಿ ನಮ್ಮ ಸೋದರಮಾವನಿಂದ ಬಂದ ಮೋಟಾರ್ ಸೈಕಲ್, ವಯಸ್ಸಿನಲ್ಲಿ ನನಗಿಂತ ಹಿರಿದು. ಒದ್ದು ಚಾಲೂ ಮಾಡಬೇಕು. ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಮುಳ್ಳು ಇಲ್ಲ. ಇಂಜಿನ್ ಮಾತ್ರ ಕಲ್ಲುಗುಂಡು. ತೊಂದರೆಯೆಲ್ಲ ಪೆಟ್ರೋಲ್ ಟಾಕಿಯಿಂದ ಇಳಿದು ಕಾರ್ಬೋರೇಟರ್ ಮುಟ್ಟುವ ಒಂದು ಗೇಣು ದಾರಿಯಲ್ಲಿ. ಆ ಒಂದು ಗೇಣಿನಲ್ಲಿ ಇವತ್ತು ಏನಾದೀತು ಎಂದು ಚಿಂತಿಸಿ ಚಿಂತಿಸಿ ನನ್ನ ಅರ್ಧ ತಲೆ ಬೋಳಾಗಿದೆ.

ಈ ಚಿಂತೆಯಲ್ಲಿ ನನಗೆ ಜೊತೆ, ಪಕ್ಕದ ಮನೆಯ ಮಾಸ್ತರ್ ಸಾಹೇಬರು. ಉರ್ದು ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಗಾಡಿ ಕೆಟ್ಟರೆ ನನಗೆ ಎದೆ ಹೊಡೆದುಕೊಳ್ಳುತ್ತದೆ, ಅವರಿಗೆ ಹುರುಪು ಬರುತ್ತದೆ. ಹತ್ತಿರ ಬರುವ ಮೊದಲೇ ರೋಗ ಇಂಥದ್ದೆಂದು ಹೇಳಿಬಿಡುತ್ತಾರೆ. ಕೆಲವು ಸಲ ಅದು ಸರಿಯೂ ಇರುತ್ತದೆ.

ನಾಡಿ ಪರೀಕ್ಷೆ

ನನ್ನ ಹೆಂಡತಿ ಒಂದು ದವಾಖಾನೆಯಲ್ಲಿ ನರ್ಸ್. ಅವಳ ಹಳೆಯ ಸ್ಟೆತಾಸ್ಕೋಪ್ ಮನೆಯ ಮೊಳೆಗೆ ತೂಗುಬಿದ್ದಿತ್ತು. ಅದನ್ನು ನೋಡಿದ ಮಾಸ್ತರ್ ಸಾಹೇಬರಿಗೆ ಒಂದು ವಿಚಾರ ಹೊಳೆಯಿತು.

"ಆಚಾರ್ರ, ಇದನ್ನ ಸಂಗಾಟ ಇಟ್ಕೋರಿ. ಗಾಡಿ ನಿಂತಾಗ ಕಾರ್ಬೋರೇಟರ್‌ಗೆ ಹಚ್ಚಿ ಕೇಳ್ರಿ. ಒಳಗ ಪೆಟ್ರೋಲ್ ಬೀಳಾಕತ್ತಿದ್ರ ಸಪ್ಪಳ ಬರ್ತದ. ಬರಲಿಲ್ಲ ಅಂದ್ರ ಮ್ಯಾಲೇ ಎಲ್ಲೋ ಕಚರಾ ಸಿಕ್ಕದ ಅಂತ ತಿಳೀರಿ."

ಮುಂದಿನ ವಾರವೇ ಕಮಲಾಪುರದ ಹಾದಿಯಲ್ಲಿ, ತೊಗರಿ ಹೊಲಗಳ ನಡುವೆ ಗಾಡಿ ನಿಂತಿತು. ಅಲ್ಲಿ ಒಂದು ಮನೆಯವರು ಸತ್ಯನಾರಾಯಣ ಪೂಜೆಗೆ ಎಲ್ಲ ಹೊಂದಿಸಿಕೊಂಡು ನನ್ನ ದಾರಿ ಕಾಯುತ್ತಿದ್ದರು. ನಾನು ಗಾಬರಿಯಲ್ಲೇ ಮೊಳಕಾಲೂರಿ, ಕಿವಿಗೆ ಸ್ಟೆತಾಸ್ಕೋಪ್ ಸಿಕ್ಕಿಸಿ, ಅದರ ಬಿಲ್ಲೆಯನ್ನು ಕಾರ್ಬೋರೇಟರಿಗೆ ಒತ್ತಿ ಉಸಿರು ಬಿಗಿಹಿಡಿದು ಕೇಳತೊಡಗಿದೆ. ಏನೂ ಕೇಳಿಸಲಿಲ್ಲ. ಟಾಕಿಗೆ ಹಚ್ಚಿದೆ. ಅಲ್ಲಿಯೂ ಇಲ್ಲ. ಮತ್ತೆ ಕೆಳಗೆ ಹಚ್ಚಿದೆ. ಕಣ್ಣು ತೆರೆದಾಗ ಸುತ್ತ ಏಳೆಂಟು ಮಂದಿ ನಿಂತಿದ್ದರು. ಒಬ್ಬ ಅಜ್ಜ ಮಾತ್ರ ಪಕ್ಕದ ಕಲ್ಲಿನ ಮೇಲೆ ಕೂತು ಅಂಗಿಯ ಗುಂಡಿ ಬಿಚ್ಚುತ್ತಿದ್ದ.

"ಗಾಡೀದು ಮುಗೀಲಿ ರೀ ಡಾಕ್ಟರ್ ಸಾಹೇಬ್ರ," ಅಂದ. "ಆಮ್ಯಾಲ ನನ್ನ ಎದಿ ಒಂದೀಟು ನೋಡ್ರಿ. ಏರು ಹತ್ತಿದ್ರ ಡಬ್ ಡಬ್ ಅಂತದ."

"ನಾ ಡಾಕ್ಟರ್ ಅಲ್ಲೋ ಅಜ್ಜಾ. ಪೂಜಾ ಮಾಡಾಂವ."

ಅಜ್ಜ ನನ್ನ ಪಂಚೆ ನೋಡಿದ, ಗಾಡಿ ನೋಡಿದ. ನಿಧಾನಕ್ಕೆ ಗುಂಡಿ ಹಾಕಿಕೊಂಡು ಎದ್ದು, ಜೊತೆಯವನ ಹೆಗಲು ಹಿಡಿದ.

"ನಡಿಯಪ್ಪಾ ಹೋಗೂನು. ಆಚಾರ್ರನ್ನ ಕರಿಸ್ಯಾರ ಅಂದ್ರ ಗಾಡಿ ಉಳಿಯಂಗಿಲ್ಲ."

ಬೇವಿನ ಗಿಡದ ಕೆಳಗೆ

ಅದೊಂದು ವರ್ಷ ಗಾಡಿಗೆ ಹೊಸ ಚಾಳಿ ಹತ್ತಿತು. ಮನೆಯಿಂದ ಚೆನ್ನಾಗಿಯೇ ಹೊರಡುವುದು. ತಾಜಸುಲ್ತಾನಪುರದ ಕಡೆ ಹೊರಳುವ ದಾರಿ ದಾಟಿ ಒಂದಿಷ್ಟು ಮುಂದೆ ಹೋದರೆ ರಸ್ತೆ ಬದಿಗೆ ಒಂದು ಬೇವಿನ ಗಿಡ. ಸರಿಯಾಗಿ ಅದರ ಕೆಳಗೆ ತೇಕಿ ತೇಕಿ ನಿಂತುಬಿಡುವುದು. ಒಂದು ಸಲ ಆದರೆ ಸರಿ. ಪ್ರತಿ ಸಲವೂ ಅದೇ ಗಿಡ.

ಗಿಡದ ನೆರಳಲ್ಲಿ ಚಹಾ, ಇಡ್ಲಿ ಮಾರುವ ಹೆಣ್ಣುಮಗಳೊಬ್ಬಳು ಇದ್ದಳು. ಮೂರನೆಯ ಸಲ ನಾನು ಬೆವರು ಒರೆಸಿಕೊಳ್ಳುತ್ತ ನಿಂತಾಗ ಅವಳು ದನಿ ತಗ್ಗಿಸಿ ಹೇಳಿದಳು.

"ಈ ಜಾಗಾ ಸರಿ ಇಲ್ರಿ ಯಪ್ಪಾ. ಭಾಳ ಮಂದಿ ಗಾಡಿ ನಿಂತಾವ. ಒಂದು ಕಾಯಿ ಒಡದು ನೋಡ್ರಿ."

ಊರಿಗೆಲ್ಲ ಶಾಂತಿ ಹೇಳುವವನು ನಾನು, ನನಗೇ ಶಾಂತಿ ಬೇಕಾಯಿತು. ಪೂಜೆಯ ಚೀಲದಲ್ಲಿ ಕಾಯಿ ಇದ್ದೇ ಇತ್ತು, ಗಿಡದ ಬುಡಕ್ಕೆ ಒಡೆದೆ. ಪೆಟ್ರೋಲ್ ಇದೆಯೋ ಇಲ್ಲವೋ ಎಂದು ಟಾಕಿಯ ಮುಚ್ಚಳ ತೆಗೆದು ಇಣುಕಿ, ಮತ್ತೆ ಮುಚ್ಚಿ, ಒಂದು ಒದೆ ಕೊಟ್ಟೆ. ಗಾಡಿ ಚಾಲೂ ಆಯಿತು. ಅಂದಿನಿಂದ ಕಮಲಾಪುರಕ್ಕೆ ಹೊರಟರೆ ಪೂಜೆಯ ಮನೆಗೊಂದು, ಗಿಡಕ್ಕೊಂದು ಎಂದು ಕಾಯಿ ಇಟ್ಟುಕೊಳ್ಳತೊಡಗಿದೆ. ಮರೆತ ದಿನ ಅರ್ಧ ದಾರಿಯಿಂದ ತಿರುಗಿ ಹೋಗಿ ತಂದದ್ದೂ ಉಂಟು.

ಒಂದು ದಿನ ಮಾಸ್ತರ್ ಸಾಹೇಬರು ಹಿಂದೆ ಕೂತಿದ್ದರು. ನಾನು ಕಾಯಿ ಒಡೆದು ಮುಚ್ಚಳ ತೆಗೆದಾಗ ಟಾಕಿ ಬುಸ್ ಎಂದಿತು. ನಾನು ಹಿಂದೆ ಸರಿದೆ, ಅವರು ಮುಂದೆ ಬಂದರು. ಮುಚ್ಚಳವನ್ನು ಬಿಸಿಲಿಗೆ ಹಿಡಿದು ನೋಡಿ ನಗತೊಡಗಿದರು. ಟಾಕಿಯೊಳಕ್ಕೆ ಗಾಳಿ ಹೋಗಲೆಂದು ಮುಚ್ಚಳದಲ್ಲಿ ಸೂಜಿ ಮೊನೆಯಷ್ಟು ತೂತು ಇರುತ್ತದೆ. ಗಾಳಿ ಒಳಗೆ ಹೋಗದಿದ್ದರೆ ಪೆಟ್ರೋಲ್ ಕೆಳಗಿಳಿಯುವುದಿಲ್ಲ. ಪ್ರತಿ ಆಯುಧ ಪೂಜೆಗೆ ನಾನೇ ಹಚ್ಚಿದ ಗಂಧ, ಕುಂಕುಮ, ಅರಿಷಿಣ ಒಂದರ ಮೇಲೊಂದು ಕೂತು ಆ ತೂತು ಗಟ್ಟಿಯಾಗಿ ಮುಚ್ಚಿಹೋಗಿತ್ತು. ಮನೆಯಿಂದ ಅಲ್ಲಿಯವರೆಗೆ ಓಡಿದರೆ ಟಾಕಿಯ ಉಸಿರು ಕಟ್ಟುತ್ತಿತ್ತು, ಮುಚ್ಚಳ ತೆಗೆದರೆ ಬಿಡುತ್ತಿತ್ತು.

"ಭಕ್ತಿ ಜ್ಯಾಸ್ತಿ ಆಗ್ಯಾದ್ರಿ, ಮತ್ತೇನಿಲ್ಲ," ಅಂದು ಸೂಜಿ ಚುಚ್ಚಿ ಸರಿ ಮಾಡಿದರು.

ಆಮೇಲೆ ಗಾಡಿ ಅಲ್ಲಿ ನಿಲ್ಲಲಿಲ್ಲ. ಕೆಲವು ತಿಂಗಳ ಮೇಲೆ ಚಹಾ ಕುಡಿಯಲೆಂದು ನಾನೇ ನಿಂತೆ. ಆ ಹೆಣ್ಣುಮಗಳು ಮುಖ ಸಪ್ಪಗೆ ಮಾಡಿಕೊಂಡು ಇಡ್ಲಿಯ ತಾಟು ಮುಂದಿಟ್ಟಳು.

"ನೀವು ಕಾಯಿ ಒಡಿಯೂದು ಬಿಟ್ಟ ಮ್ಯಾಲ ಭಾಳ ತ್ರಾಸ ಆಗ್ಯಾದ್ರಿ. ಚಟ್ನಿಗೆ ಶೇಂಗಾನೇ ಹಾಕಾಕತ್ತೀನಿ."

ಗಾಡಿಯ ಏಕಾದಶಿ

ನಮ್ಮ ಓಣಿ ಇಕ್ಕಟ್ಟು, ಗಾಡಿ ನಿಲ್ಲುವುದು ಮನೆಯ ಪಡಸಾಲೆಯಲ್ಲೇ. ಒಂದು ದಿನ ಮುಂಜಾನೆ ಎದ್ದರೆ ಮನೆಯೆಲ್ಲ ಪೆಟ್ರೋಲ್ ವಾಸನೆ. ಕಾರ್ಬೋರೇಟರಿನೊಳಗೆ ಪೆಟ್ರೋಲ್ ಸಾಕಾದಾಗ ತಡೆಯುವ ತೇಲು ಸಿಕ್ಕಿಕೊಂಡು, ತುಂಬಿ ಹೊರಗೆ ಹರಿಯುತ್ತಿತ್ತು. ಬಂದ್ ಮಾಡೋಣ ಎಂದರೆ ಟಾಕಿಯ ಕೆಳಗೆ ಪೆಟ್ರೋಲ್ ತೆರೆದು ಮುಚ್ಚುವ ಕಾಕ್ ಕೂಡ ಸವೆದು ಸೋರುತ್ತಿತ್ತು.

ನನ್ನ ತಾಯಿ, ಮನೆಮಂದಿಗೆಲ್ಲ ಆಯಿ, ಅಡುಗೆಮನೆಯ ಬಾಗಿಲಲ್ಲಿ ಎರಡೂ ಕೈ ಅಡ್ಡ ಇಟ್ಟು ನಿಂತಳು. "ಯಾರೂ ಕಡ್ಡಿ ಗೀರಬ್ಯಾಡ್ರಿ. ದೇವರಿಗೂ ಇವತ್ತ ದೀಪ ಇಲ್ಲ."

ಕಷ್ಟವೆಂದರೆ ಅಂದು ಮಧ್ಯಾಹ್ನ ನನ್ನ ತಂಗಿಯ ಅತ್ತೆ, ಮಾವ ಊಟಕ್ಕೆ ಬರುವವರಿದ್ದರು. ಮದುವೆಯಾದ ಮೇಲೆ ಮೊದಲ ಸಲ. ಗಾಡಿಯನ್ನು ಓಣಿಗೆ ತಳ್ಳಿದೆವು, ನೆಲ ತೊಳೆದೆವು, ಕಿಟಕಿ ತೆಗೆದೆವು. ವಾಸನೆ ಕದಲಲಿಲ್ಲ, ಆಯಿಯೂ ಕದಲಲಿಲ್ಲ. ಬೀಗರು ಬಂದು ಕೂತರು. ಅವರ ಮುಂದೆ ಬಾಳೆಹಣ್ಣು, ಮಜ್ಜಿಗೆ ಇಟ್ಟು ಆಯಿ ಮುಖ ಗಂಭೀರ ಮಾಡಿಕೊಂಡು ಹೇಳಿದಳು. "ಇವತ್ತ ಏಕಾದಶಿ ಅದಲ್ರೀ. ನಮ್ಮಲ್ಲಿ ಒಲಿ ಹಚ್ಚಂಗಿಲ್ಲ."

ತಂಗಿಯ ಮಾವ ನನ್ನ ಕಡೆ ತಿರುಗಿದರು. "ನಿನ್ನೆ ಅಷ್ಟೇ ಸಪ್ತಮಿ ಆತಲ್ರಿ ಆಚಾರ್ರ. ನಿಮ್ಮ ಪಂಚಾಂಗ ಯಾವುದು?"

ಪುರೋಹಿತನಾಗಿ ಸುಳ್ಳು ತಿಥಿ ಹೇಳುವಂತಿಲ್ಲ, ಮಗನಾಗಿ ಆಯಿಯ ಮಾತು ತೆಗೆಯುವಂತಿಲ್ಲ. ಅಷ್ಟರಲ್ಲಿ ಓಣಿಯಲ್ಲಿ ಗಾಡಿಯ ಮುಂದೆ ಕೂತಿದ್ದ ಮಾಸ್ತರ್ ಸಾಹೇಬರು ಮಸಿ ಕೈಯಲ್ಲೇ ಹೊಸ್ತಿಲಿಗೆ ಬಂದರು. ಅವರಿಗೆ ಒಳಗಿನ ಮಾತು ಅಷ್ಟಿಷ್ಟು ಕೇಳಿಸಿತ್ತು.

"ಅಮ್ಮಾ, ಸೋರೂದು ನಿಂತದ," ಅಂದರು. "ಏಕಾದಶಿ ಖತಂ. ಅನ್ನಕ್ಕಿಡ್ರಿ."

ಕಾಕ್

ಇದಾದ ಮೇಲೆ ಹೊಸ ಕಾಕ್ ಹಾಕಿಸಿದೆ. ಮರುದಿನ ಕಾಲೇಜಿಗೆ ಹೊರಟವನು ಶರಣಬಸವೇಶ್ವರ ಗುಡಿಯ ಎದುರಿಗೆ, ಭಕ್ತರು, ಹುಡುಗರು, ಆಟೋ ಎಲ್ಲ ಕೂಡಿದ ಹೊತ್ತಿನಲ್ಲಿ ನಡುರಸ್ತೆಯಲ್ಲಿ ನಿಂತೆ. ಹಿಂದಿನಿಂದ ಹಾರ್ನ್. ಒದ್ದೆ, ತಳ್ಳಿದೆ, ಪ್ಲಗ್ ಬಿಚ್ಚಿ ಒರೆಸಿ ಹಾಕಿದೆ. ಹೊಸ ಸಾಮಾನು ಹಾಕಿಸಿ ಒಂದು ದಿನ ಆಗಿಲ್ಲ, ಇನ್ನೇನು ಬಿಚ್ಚಿಸಬೇಕೋ ಎಂದು ಚಿಂತೆ ಹತ್ತಿತು. ಮಾಸ್ತರ್ ಸಾಹೇಬರನ್ನು ಕರೆಸಲೆಂದು ಮನೆಗೆ ಫೋನ್ ಮಾಡಿದರೆ ಆಯಿ ಎತ್ತಿದಳು.

"ಆಯಿ, ಗಾಡಿ ನಿಂತುಬಿಟ್ಟದ."

"ನಿಲ್ಲಲೇಬೇಕಲ್ಲೋ," ಅಂದಳು ಆಯಿ ಸಮಾಧಾನದಿಂದ. "ರಾತ್ರಿ ಗ್ಯಾಸಿನ ಸಂಗಾಟ ಗಾಡಿ ಕಾಕನ್ನೂ ನಾನೇ ಬಂದ್ ಮಾಡೀನಿ."

ಬಾಟ್ಲಿ

ಇನ್ನು ಉಳಿದದ್ದು ಕಮಲಾಪುರದ ಮದುವೆಯ ಕಥೆ.

ಮದುವೆಯ ಮುಂಚಿನ ವಾರದಿಂದ ಗಾಡಿ ಓಡುತ್ತ ಓಡುತ್ತ ತೇಕುತ್ತಿತ್ತು. ದೋಷ ಟಾಕಿಯದೋ ಕಾರ್ಬೋರೇಟರಿನದೋ ಎಂದು ನನಗೂ ಮಾಸ್ತರ್ ಸಾಹೇಬರಿಗೂ ವಾದ. ತೀರ್ಮಾನ ಮಾಡಲು ಅವರು ಒಂದು ಉಪಾಯ ಹೂಡಿದರು. ನನ್ನ ಹೆಂಡತಿಗೆ ಹೇಳಿ ಒಂದು ಖಾಲಿ ಸಲೈನ್ ಬಾಟ್ಲಿ, ಅದರ ನಳಿಗೆ ತರಿಸಿದರು. ಬಾಟ್ಲಿಗೆ ಪೆಟ್ರೋಲ್ ತುಂಬಿ, ನಳಿಗೆಯನ್ನು ನೇರ ಕಾರ್ಬೋರೇಟರಿಗೆ ಹಚ್ಚುವುದು. ಗಾಡಿ ಓಡಿದರೆ ದೋಷ ಟಾಕಿಯದು. ಹೆಂಡತಿ ಕೊಡುವಾಗ ಒಂದೇ ಮಾತು ಹೇಳಿದಳು. "ಇದನ್ನ ರಸ್ತಾದ ಮ್ಯಾಲ ಮಾಡಬ್ಯಾಡ್ರಿ."

ಮದುವೆಯ ದಿನ ಬೇಗನೆ ಹೊರಟೆವು. ಮಾಸ್ತರ್ ಸಾಹೇಬರು ಬಾಟ್ಲಿಯ ಚೀಲ ಹಿಡಿದು ಹಿಂದೆ ಕೂತರು. ಅರ್ಧ ದಾರಿ ದಾಟಿತ್ತು, ಗಾಡಿ ನಿಂತಿತು. ಹಳೆ ಟಾಕಿಯ ಒಳಗಿನ ತುಕ್ಕು ಉದುರಿ ಹೊಸ ಕಾಕಿನ ಬಾಯಿಗೆ ಕೂತಿತ್ತು. ಇದು ಆಮೇಲೆ ತಿಳಿದದ್ದು. ಆಗ ತಿಳಿದದ್ದು ವಧೂವರರ ಮೇಲೆ ಅಕ್ಷತೆ ಬೀಳುವ ಅಕ್ಕಿಕಾಳಿನ ಹೊತ್ತು ಹತ್ತಿರ ಬರುತ್ತಿದೆ ಎಂಬುದೊಂದೇ. ಹೆಣ್ಣಿನ ತಂದೆಯ ಫೋನ್ ಮೇಲೆ ಫೋನ್.

"ಆಚಾರ್ರ, ಎಲ್ಲಿದ್ದೀರಿ? ಕಾರ್ ಕಳಿಸ್ಲೇನು?"

ಕಾರು ಬಂದು ನನ್ನನ್ನು ಕರೆದೊಯ್ಯುವ ಹೊತ್ತಿಗೆ ಮುಹೂರ್ತ ಮೀರುತ್ತಿತ್ತು. ಬಸ್ಸು ಕಣ್ಣೆದುರೇ ನಿಲ್ಲದೆ ಹೋಯಿತು. ಮಾಸ್ತರ್ ಸಾಹೇಬರು ಆಗಲೇ ನಳಿಗೆ ಸಿಕ್ಕಿಸಿ, ಬಾಟ್ಲಿ ಎತ್ತಿ ಹಿಡಿದು, "ಒದೀರಿ," ಅಂದರು. ಒದ್ದೆ. ಗಾಡಿ ಚಾಲೂ ಆಯಿತು.

"ನೋಡಿದ್ರಿಲ್ಲೋ? ಟಾಕೀದೇ ದೋಷ," ಅಂದರು ಗೆದ್ದ ದನಿಯಲ್ಲಿ. "ಈಗ ಟಾಕಿ ತೊಳೀಲಾಕ ಟೈಮ್ ಇಲ್ಲ. ನಡೀರಿ ಹಂಗೇ."

ಹಾಗೆಯೇ ಹೊರಟೆವು. ಮುಂದೆ ಪಂಚೆ, ಶಲ್ಯದಲ್ಲಿ ಬೆವರುತ್ತ ನಾನು. ಹಿಂದೆ ಬಿಳಿ ಗಡ್ಡದ ಮಾಸ್ತರ್ ಸಾಹೇಬರು, ಒಂದು ಕೈಯಲ್ಲಿ ನನ್ನ ಹೆಗಲು, ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದ ಬಾಟ್ಲಿ. ನಳಿಗೆ ನನ್ನ ಶಲ್ಯದ ಕೆಳಗೆ ಹಾದು ಇಳಿದಿತ್ತು. ಒಂದು ಹನಿ ಬಿಸಿ ಇಂಜಿನ್ ಮೇಲೆ ಬಿದ್ದರೆ ಇಬ್ಬರ ಕಥೆಯೂ ಮುಗಿಯಿತು ಎಂದು ಗೊತ್ತಿದ್ದ ನಾನು ವಿಷ್ಣು ಸಹಸ್ರನಾಮ ಶುರು ಮಾಡಿದೆ. ಹಿಂದೆ ಅವರೂ ಏನೋ ಪಠಿಸುವುದು ಕೇಳಿಸುತ್ತಿತ್ತು. ಎದುರಿನ ಲಾರಿಗಳು ತಾವಾಗಿಯೇ ಬದಿಗೆ ಸರಿದವು. ಬೈಕಿನವನೊಬ್ಬ ಸಮಕ್ಕೆ ಬಂದು, "ಯಾವ ದವಾಖಾನಿಗ್ರಿ? ದಾರಿ ಬಿಡಿಸ್ಲೇನು?" ಎಂದು ಕೇಳಿ, ಕಮಲಾಪುರದವರೆಗೆ ಹಾರ್ನ್ ಹೊಡೆಯುತ್ತ ಮುಂದೆ ನಡೆದ. ಕೆಂಪು ಬಾಳೆಹಣ್ಣು ಮಾರುವವರು ಎದ್ದು ನಿಂತು ನೋಡಿದರು.

ಕಲ್ಯಾಣ ಮಂಟಪದ ಬಾಗಿಲಲ್ಲಿ ಗಾಡಿ ನಿಲ್ಲಿಸಿದೆ. ಅಕ್ಕಿಕಾಳಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಮಾಸ್ತರ್ ಸಾಹೇಬರು ನಳಿಗೆ ಬಂದ್ ಮಾಡಿ, ಕಾರ್ಬೋರೇಟರಿನಿಂದ ಕಿತ್ತರು. ಅದರ ತುದಿ ನನ್ನ ಶಲ್ಯದಲ್ಲಿ ಸಿಕ್ಕಿಕೊಂಡಿತು. ಇಳಿಯುವಾಗ ಅದು ಜಗ್ಗಿ ನಾನು ಹಾಗೇ ವಾಲಿದೆ. ಹೆಣ್ಣಿನ ತಂದೆ ಓಡಿ ಬಂದು ಹಿಡಿದುಕೊಂಡರು. ಬಾಟ್ಲಿಯಿಂದ ನನ್ನ ಶಲ್ಯದೊಳಕ್ಕೆ ಇಳಿದ ನಳಿಗೆಯನ್ನು ನೋಡಿದರು.

"ಇಷ್ಟು ಆರಾಮ ಇಲ್ದಾಗ ಯಾಕ ಬಂದ್ರಿ ಆಚಾರ್ರ? ನಮ್ಮ ಸಲುವಾಗಿ ಜೀವ ಒತ್ತಿ ಇಟ್ಟೀರಿ."

"ನನಗೇನೂ ಆಗಿಲ್ರಿ," ಅಂದೆ. ಏದುಸಿರಿನಲ್ಲಿ ಹೇಳಿದ್ದರಿಂದ ಯಾರೂ ನಂಬಲಿಲ್ಲ. ಇಬ್ಬರು ರಟ್ಟೆ ಹಿಡಿದು ಒಳಗೆ ನಡೆಸಿಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದರು. ಫ್ಯಾನ್ ನನ್ನ ಕಡೆ ತಿರುಗಿತು, ಎಳನೀರು ಬಂತು, ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಳಿಗೆ ಇನ್ನೂ ನನ್ನ ಶಲ್ಯಕ್ಕೇ ಸಿಕ್ಕಿಕೊಂಡಿತ್ತು; ಪೆಟ್ರೋಲ್ ಚೆಲ್ಲಬಾರದೆಂದು ಮಾಸ್ತರ್ ಸಾಹೇಬರು ಬಾಟ್ಲಿಯನ್ನು ಎತ್ತಿ ಹಿಡಿದೇ ನನ್ನ ಹಿಂದೆ ಬಂದು ನಿಂತಿದ್ದರು.

ಗಂಡಿನ ಅಜ್ಜಿ, ಇರಕಲ್ ಸೀರೆಯ ಹಿರಿಯ ಜೀವ, ಕೋಲೂರಿಕೊಂಡು ಹತ್ತಿರ ಬಂದು ಬಾಟ್ಲಿಯನ್ನು ನೋಡಿದರು.

"ಇದರಾಗ ಏನು ಹಾಕ್ಯಾರಪ್ಪಾ?"

ಮಾಸ್ತರ್ ಸಾಹೇಬರ ಧ್ಯಾನವೆಲ್ಲ ಹೊರಗೆ ನಿಂತ ಗಾಡಿಯ ಮೇಲೆ. "ಪೆಟ್ರೋಲ್ ರೀ ಅಮ್ಮಾ," ಅಂದರು. "ಹನಿ ಹನಿ ಬಿಡ್ತಾ ಇರಬೇಕು. ಬಿಡೂದು ನಿಂತ್ರ ಅಲ್ಲೇ ಬಂದ್ ಬೀಳ್ತದ."

ಅಜ್ಜಿ ಬಗ್ಗಿ ನನ್ನ ಶಲ್ಯದ ವಾಸನೆ ನೋಡಿದರು. ಒಂದು ಗಳಿಗೆ ವಿಚಾರ ಮಾಡಿ, ಹೆಣ್ಣಿನ ತಂದೆಯನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದರು.

"ಮಂಗಳಾಷ್ಟಕ ಇವರೇ ಹೇಳ್ಲಿ. ಹೋಮಕ್ಕ ಮಾತ್ರ ಬ್ಯಾರೆ ಆಚಾರ್ರನ್ನ ಕೂಡಸ್ರಿ."