ರಾಜಕುಮಾರ ಕೆಳಗಿಳಿದದ್ದು

ಲಿಫ್ಟ್ ಮೆಕ್ಯಾನಿಕ್ ಆದವನಿಗೆ ಏರಿಳಿತಗಳು ತಪ್ಪಿದ್ದಲ್ಲ. ಆದರೆ ಕಂಪನಿಯವರು ನನ್ನನ್ನು ಕುವೈತಿನ ಒಪೆರಾ ಮಂದಿರಕ್ಕೆ ಕಳಿಸಿದ ಮೇಲೆ ಅವು ಹಾಡಿನ ಸಮೇತ ಬರತೊಡಗಿದವು.

ಅಲ್ಲಿಯವರೆಗೆ ನಾನು ಕಾರ್ಖಾನೆಗಳ ಪ್ರದೇಶವಾದ ಸಬ್ಹಾನಿನ ಬಿಸಿ ಗೋದಾಮುಗಳಲ್ಲಿ ಸರಕಿನ ಲಿಫ್ಟ್ ನೋಡಿಕೊಳ್ಳುತ್ತಿದ್ದೆ. ಇಲ್ಲಿ ಯುರೋಪಿನ ತಂಡವೊಂದು ಮಾಟಗಾತಿ, ರಾಜಕುಮಾರಿ ಇರುವ ಕಿನ್ನರ ಕಥೆಯನ್ನು ಪೂರ್ತಿ ಹಾಡಿನಲ್ಲೇ ಆಡುತ್ತಿತ್ತು. ವೇದಿಕೆಯ ನಡುವೆ ಒಂದು ಲಿಫ್ಟ್. ಕೊನೆಯಲ್ಲಿ ಮಾಟಗಾತಿಯನ್ನು ಪಾತಾಳಕ್ಕೆ ಇಳಿಸುವುದು ನನ್ನ ಕೆಲಸ. "ಎ.ಸಿ. ಒಳಗಿನ ಕೆಲಸ ಭಾಯಿ. ಒಂದು ಕಂಪ್ಲೇಂಟ್ ಬಂತೋ, ಖಲಾಸ್, ವಾಪಸ್ ಸಬ್ಹಾನ್," ಎಂದಿದ್ದ ಫೋರ್‌ಮನ್. ನನ್ನ ಹೆಂಡತಿ ಆಗಲೇ ವಿಜಯಪುರಕ್ಕೆಲ್ಲ ಫೋನ್ ಮಾಡಿ ಹೇಳಿಬಿಟ್ಟಿದ್ದಳು. ಹಾಗಾಗಿ ವಾಪಸ್ ಹೋಗುವ ಮಾತೇ ಇರಲಿಲ್ಲ.

೧. ಕೊತ್ತಂಬರಿ

ತಾಲೀಮಿನ ಮೊದಲ ದಿನ ಹೆಂಡತಿಯ ಫೋನ್ ಬಂತು. ಎತ್ತುವುದಕ್ಕೂ ರಾಜಕುಮಾರಿ ಮೇಲಿನ ಸ್ವರ ಹಿಡಿಯುವುದಕ್ಕೂ ಸರಿಹೋಯಿತು.

"ಯಾರಿಗೇನಾತ್ರಿ? ಮೊದ್ಲ ದವಾಖಾನಿಗೆ ಒಯ್ರಿ!"

"ಯಾರಿಗೂ ಏನೂ ಆಗಿಲ್ಲ. ರಾಜಕುಮಾರಿ ಹಾಡಾಕತ್ತಾಳ."

"ಯಾಕ?"

ಆ ಸ್ವರ ಇಳಿಯುತ್ತದೇನೋ ಎಂದು ಅವಳು ಕಾದು ನೋಡಿ, ಬರುವಾಗ ಕೊತ್ತಂಬರಿ ತರಲು ಹೇಳಿ ಫೋನಿಟ್ಟಳು.

೨. ಬರ್ತೀವ್ರಿ

ಕೆಲಸಗಾರರ ಮನೆಯವರಿಗೆಂದು ಒಂದು ತಾಲೀಮು ತೋರಿಸಿದರು. ಆ ದಿನ ಲಿಫ್ಟಿನ ಕೆಲಸವಿರಲಿಲ್ಲ, ಮಗಳನ್ನು ಕರೆದುಕೊಂಡು ಹೋಗಿ ಮುಂದೆ ಕೂತೆ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುವ ಮಗಳು ಅವಳು. ಮಾಟಗಾತಿ ಬರುವ ಮುಂಚೆ ರಾಜಕುಮಾರ, ರಾಜಕುಮಾರಿ ಒಬ್ಬರನ್ನೊಬ್ಬರು ಬೀಳ್ಕೊಡುವ ಹಾಡು ಶುರುವಾಯಿತು. ಅದು ಮುಗಿಯುವ ಲಕ್ಷಣವೇ ಕಾಣಲಿಲ್ಲ.

"ಪಪ್ಪಾ, ದೇ ಆಲ್ರೆಡಿ ಸೆಡ್ ಬೈ," ಎಂದಳು.

"ನಮ್ಮ ಮನಿಗೆ ಬಂದವ್ರು 'ಬರ್ತೀವ್ರಿ' ಅಂದು, ಚಪ್ಪಲಿ ಮೆಟ್ಕೊಂಡು, ಬಾಗಿಲದಾಗ ತಾಸುಗಟ್ಟಲೆ ನಿಂದ್ರೂದಿಲ್ಲೇನು?" ಎಂದು ಸಮಜಾಯಿಷಿ ಕೊಟ್ಟೆ.

"ಬಟ್ ದೇ ಡೋಂಟ್ ಸಿಂಗ್."

೩. ಗೋ

ಪ್ರದರ್ಶನದ ಹೊತ್ತಿನಲ್ಲಿ ನಾನು ಕೂರುವುದು ವೇದಿಕೆಯ ಕೆಳಗೆ. ಮೇಲೆ ಏನು ನಡೆಯುತ್ತಿದೆ ಎಂದು ಕಾಣುವುದಿಲ್ಲ. ಎಲ್ಲರ ಕಿವಿಗೂ ಹೆಡ್‌ಫೋನ್. ಸ್ಟೇಜ್ ಮ್ಯಾನೇಜರ್ ಮೇಡಂ ಅದರಲ್ಲಿ "ಗೋ" ಎಂದ ಕೂಡಲೇ ನಾನು ಗುಂಡಿ ಒತ್ತಬೇಕು. ಯಾಕೆ, ಏನು ಕೇಳುವಂತಿಲ್ಲ.

ಮೊದಲ ಪ್ರದರ್ಶನ. ಲಿಫ್ಟಿನ ಮೇಲೆ ನಿಂತು ರಾಜಕುಮಾರ, "ಎಂದೆಂದಿಗೂ ನಿನ್ನ ಬಿಟ್ಟು ಕದಲೆನು," ಎಂದು ಆಣೆ ಮಾಡುತ್ತಿದ್ದ. ಅದೇ ಹೊತ್ತಿಗೆ ಉಡುಪಿನ ಉಸ್ತುವಾರಿಯ ಮಂಗಳೂರು ಕಡೆಯ ಹೆಂಗಸು, ರಾಜಕುಮಾರಿಯ ಮುಸುಕು ತರಲು ಹೋದ ತಮ್ಮ ಸಹಾಯಕಿಯನ್ನು ಹೆಡ್‌ಫೋನಿನಲ್ಲೇ ಕೊಂಕಣಿಯಲ್ಲಿ ಕರೆದರು: "ಯೇ ಗೊ! ವೆಗಿಂ ಯೇ ಗೊ!"

ನಮ್ಮ ಕಡೆ "ಲಗೂನ ಬಾ ಬೇ" ಅಂದ ಹಾಗೆ. ಅದು ನನಗೆ ಆಮೇಲೆ ತಿಳಿಯಿತು. ಆಗ ನನಗೆ ಕೇಳಿಸಿದ್ದು "ಗೋ", ಅದೂ ಎರಡು ಸಲ. ಒತ್ತಿಬಿಟ್ಟೆ.

ಮೊದಲು ಬೂಟು ಬಂತು, ಆಮೇಲೆ ಕತ್ತಿ, ಆಮೇಲೆ ಮೀಸೆ. ಪುಣ್ಯಾತ್ಮ ಹಾಡು ನಿಲ್ಲಿಸಿರಲಿಲ್ಲ. ಎಂದೆಂದಿಗೂ ಬಿಟ್ಟು ಕದಲೆನು ಎಂಬ ಕೊನೆಯ ಸಾಲನ್ನು ನನ್ನ ಮುಖ ನೋಡಿಕೊಂಡು ಮುಗಿಸಿದ.

ಆಟ ಮುಗಿದ ಮೇಲೆ ವಿಚಾರಣೆ. ಫೋರ್‌ಮನ್ ಕೂಡ ಬಂದಿದ್ದ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಸಬ್ಹಾನಿನ ಬಿಸಿಲು ಕಣ್ಣಿಗೆ ಕಟ್ಟಿತು. ಉಡುಪಿನ ಹೆಂಗಸು ಮೇಡಂಗೆ ಇಂಗ್ಲಿಷಿನಲ್ಲಿ ಎಲ್ಲ ವಿವರಿಸಿ, ನನ್ನ ಕಡೆ ತಿರುಗಿ, "ನಾನು ಹೇಳಿದ್ದು ಹುಡುಗಿಗೆ ಮಾರಾಯ್ರೆ, ನೀವು ಎಂತಕ್ಕೆ ಕೇಳಿದ್ದು?" ಎಂದರು.

"ಪದ ಬದಲಿಸೋಣ," ಎಂದರು ಮೇಡಂ. ಫೋರ್‌ಮನ್ ಅರಬ್ಬಿಯಲ್ಲಿ "ನಡಿ" ಅನ್ನುವ "ಯಲ್ಲಾ" ಇರಲಿ ಎಂದ. ಹೇಳಿ ಮುಗಿಸುವಷ್ಟರಲ್ಲಿ ಪರದೆಯ ಹಿಂದೆ ಮೂರು ಜನ ಯಲ್ಲಾ ಎಂದರು.

ಮೇಡಂ ನನ್ನತ್ತ ನೋಡಿದರು. "ಈ ಕಟ್ಟಡದಲ್ಲಿ ಕೆಲಸದ ಹೊತ್ತಿನಲ್ಲಿ ಯಾರ ಬಾಯಿಂದಲೂ ಅಪ್ಪಿತಪ್ಪಿಯೂ ಬರದ ಒಂದು ಪದ ಹೇಳು. ಇಲ್ಲದಿದ್ದರೆ ನಾಳೆ ಆ ಲಿಫ್ಟಿಗೆ ಬೇರೆಯವರು."

ನಾನು ಹೆಚ್ಚು ಯೋಚಿಸಬೇಕಾಗಲಿಲ್ಲ. "ಪ್ಲೀಸ್," ಎಂದೆ.

ಮೇಡಂ ತಮ್ಮ ಪುಸ್ತಕದಲ್ಲಿ "ಗೋ" ಹೊಡೆದುಹಾಕಿ "ಪ್ಲೀಸ್" ಎಂದು ಬರೆದುಕೊಂಡರು. ನನ್ನ ಕೆಲಸ ಉಳಿಯಿತು. ಮರುದಿನದಿಂದ ಮಾಟಗಾತಿ ಪಾತಾಳಕ್ಕೆ ಹೋದದ್ದು ಮರ್ಯಾದೆಯಿಂದ.