ನಾಲ್ಕು ಬಾಗಿಲಿನ ಪಾನಕ

ಬಿಳಿಗೆರೆಯ ಹಾಲಸ್ವಾಮಿಗೆ ಆ ವರ್ಷ ದೊಡ್ಡ ಪೆಟ್ಟು ಕೊಟ್ಟದ್ದು ಒಂದು ಪೆಟ್ಟಿಗೆ. ಮಿಲಿಟರಿಯಲ್ಲಿದ್ದ ಭಾವಮೈದುನ ತೋಂಟದಾರ್ಯ ಎಪ್ಪತ್ತೆಂಟರ ಬೇಸಿಗೆಯಲ್ಲಿ ರಜಕ್ಕೆ ಬಂದವನು ಅಕ್ಕ ಗುರುಸಿದ್ದಮ್ಮನಿಗೆಂದು ಅಂಗೈಯಗಲದ ಮರದ ಪೆಟ್ಟಿಗೆ ತಂದಿದ್ದ. ಅದಕ್ಕೆ ಬೀಗವಿಲ್ಲ, ಚಿಲಕವಿಲ್ಲ, ಮುಚ್ಚಳ ಎಲ್ಲಿದೆಯೆಂಬುದೇ ತಿಳಿಯದು. ಪಕ್ಕದ ಪಟ್ಟಿಗಳನ್ನು ಸರಿಯಾದ ಕ್ರಮದಲ್ಲಿ ಒಂದೊಂದಾಗಿ ಸರಿಸಿದರೆ ಮಾತ್ರ ತೆರೆಯುತ್ತದಂತೆ.

ಹಾಲಸ್ವಾಮಿ ಮೂರು ದಿನ ಅದರ ಜೊತೆ ಕುಸ್ತಿ ಹಿಡಿದ. ನಾಲ್ಕನೇ ದಿನ ಮಚ್ಚು ಹುಡುಕಲು ಎದ್ದಾಗ, ಗುರುಸಿದ್ದಮ್ಮ ಅದನ್ನು ಒಲೆಯ ಮುಂದೆ ಇಟ್ಟುಕೊಂಡು, ಬೇಳೆ ಬೇಯುವುದರೊಳಗೆ ತೆರೆದುಬಿಟ್ಟಳು.

"ಇಷ್ಟೇ ಕಣ್ರೀ," ಎಂದಳು.

ಆ 'ಇಷ್ಟೇ' ಹಾಲಸ್ವಾಮಿಯ ಎದೆಗೆ ನಾಟಿತು. (ಬೈದಿದ್ದರೆ ಸಹಿಸುತ್ತಿದ್ದ. ಅದಕ್ಕೆ ಇಪ್ಪತ್ತೆರಡು ವರ್ಷದ ಅಭ್ಯಾಸವಿತ್ತು.)

ಇವಳು ತೆರೆಯಲಾಗದ್ದೊಂದನ್ನು ತಾನೇ ಮಾಡಬೇಕು ಎಂದು ಶಪಥ ಮಾಡಿದ. ಬಡಗಿ ಕೆಲಸವಂತೂ ಬಾರದು. ತೋಟದಲ್ಲಿ ಎಳನೀರು ಕುಡಿಯುತ್ತ ಕೂತಾಗ ಹೊಳೆಯಿತು: ಮರದಲ್ಲೇ ಯಾಕೆ, ಲೋಟದಲ್ಲೇ ಮಾಡಬಹುದಲ್ಲ. ಗುಟುಕಿಗೊಂದು ಪಟ್ಟಿ ಸರಿದಂತೆ ಒಂದೊಂದು ರುಚಿ ಬಯಲಾಗಿ, ಕೊನೆಯದು ಏನೆಂದು ಹೇಳಲಾಗದೆ ಅವಳು ಸಿಕ್ಕಿಬೀಳಬೇಕು.

ಕೊನೆಯದಕ್ಕೆ ಸಾಮಾನೂ ಇತ್ತು. "ಭಾವ, ಅಕ್ಕಂಗೆ ಗೊತ್ತಾಗ್ಬಾರ್ದು" ಎಂದು ತೋಂಟದಾರ್ಯ ಪಿಸುಗುಟ್ಟಿ ಕೊಟ್ಟಿದ್ದ ಅರ್ಧ ಬಾಟಲಿ ಬ್ರಾಂದಿ, ತೆಂಗಿನ ಮಟ್ಟೆ ರಾಶಿಯೊಳಗೆ ಅಜ್ಞಾತವಾಸದಲ್ಲಿತ್ತು. ಅದರ ಮುಚ್ಚಳ ತಿರುಗಿಸುವ ಧೈರ್ಯ ಹಾಲಸ್ವಾಮಿಗೆ ಬಂದಿರಲಿಲ್ಲ. ಮನೆಯಲ್ಲಿ ಹೆಂಡತಿಯ ಜೊತೆ ಅವನ ಅಕ್ಕ ಕಲ್ಲಮ್ಮನೂ ಇದ್ದಳು. ಹೆಂಡದ ವಾಸನೆ ಬಂತೆಂದು ನೆಂಟನೊಬ್ಬನನ್ನು ಊಟದ ಎಲೆಯಿಂದ ಎಬ್ಬಿಸಿ ಕಳಿಸಿದ ಹೆಂಗಸು.

ಮಾರನೇ ಮಧ್ಯಾಹ್ನ ಸಂಶೋಧನೆ ನಡೆಯಿತು. ಗಾಜಿನ ಲೋಟದ ಅಂಚಿಗೆ ಬೆಲ್ಲದ ಪುಡಿ ಅಂಟಿಸಿದ. ಎಳನೀರಿನ ಗಂಜಿಯನ್ನು ಚೂರು ಮಾಡಿ, ಒಂದೇ ಒಂದು ಚಮಚ ಬ್ರಾಂದಿಯಲ್ಲಿ ನೆನೆಸಿ ತಳಕ್ಕಿಟ್ಟ. ಮೇಲೆ ಶುಂಠಿರಸ, ಅದರ ಮೇಲೆ ನಿಂಬೆಹುಳಿ ಬೆರೆಸಿದ ತಣ್ಣನೆಯ ಎಳನೀರು.

"ಏನೇನು ಹಾಕಿವ್ನಿ, ಹೇಳು ನೋಡಾನ."

ಗುರುಸಿದ್ದಮ್ಮ ಗುಟುಕರಿಸಿದಳು. "ಬೆಲ್ಲ. ಎಳನೀರು, ನಿಂಬೆಹಣ್ಣು." ಇನ್ನೊಂದು ಗುಟುಕು. "ಶುಂಠಿ." ಗಂಜಿ ಅಗಿಯುತ್ತಾ ಹುಬ್ಬು ಗಂಟಿಕ್ಕಿದಳು. "ಗಂಜಿ ಸರಿ. ಅದ್ರೊಳಗೆ ಏನೋ ಬೆಚ್ಚಗದೆ. ಲವಂಗವಾ?"

"ಅಲ್ಲ."

"ನೆನೆಹಾಕಿದ ದ್ರಾಕ್ಷಿ?"

ಬ್ರಾಂದಿಯೂ ದ್ರಾಕ್ಷಿಯದೇ; ಇಷ್ಟು ಹತ್ತಿರ ಬಂದಳಲ್ಲ ಎಂದು ಅವನು ಆತುರಾತುರವಾಗಿ ತಲೆಯಾಡಿಸಿದ. "ಅಲ್ಲ ಕಣೇ. ಸೋತೆ ಅನ್ನು."

"ಸೋತೆ ಬುಡಿ," ಎಂದು ಅವಳು ನಕ್ಕಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ದಿಗ್ವಿಜಯ. ಹಾಲಸ್ವಾಮಿಗೆ ಮೀಸೆ ತಿರುವಲು ಎರಡು ಕೈ ಸಾಲದಾಯಿತು.

"ನಂಗೂ ಒಂದು ಲೋಟ ಕೊಡ್ಲಾ," ಎಂದು ಜಗಲಿಯಿಂದ ಕಲ್ಲಮ್ಮನ ದನಿ ಬಂತು.

ಇಲ್ಲವೆನ್ನುವುದು ಹೇಗೆ? ಬೆರೆಸಿ ಕೊಟ್ಟ. ಅಕ್ಕ ಕಣ್ಣು ಮುಚ್ಚಿ ತಳದವರೆಗೂ ಕುಡಿದು, ಉಳಿದಿದ್ದ ನಾಲ್ಕು ಹಲ್ಲಿನಲ್ಲಿ ಗಂಜಿ ಅಗಿದಳು.

"ಬ್ರಾಂದಿ ಕಣೇ ಗುರುಸಿದ್ದಿ."

ಹಾಲಸ್ವಾಮಿ ಕಂಬ ಹಿಡಿದುಕೊಂಡ.

"ಮೂರನೇ ಬಾಣಂತನದಾಗೆ ಸೂಲಗಿತ್ತಿ ದಿನಕ್ಕೊಂದು ಚಮಚ ಕೊಡ್ತಿದ್ಲು," ಎಂದಳು ಕಲ್ಲಮ್ಮ, ಬಲು ಶಾಂತವಾಗಿ. "ಆ ಸುಖ ಮತ್ತೆ ಕಂಡಿರ್ಲಿಲ್ಲ. ಬಾಟ್ಲಿ ಎಲ್ಲೈತ್ಲಾ?"

ತಂದ. ಅದು ಅಕ್ಕನ ಟ್ರಂಕು ಸೇರಿತು.

"ಮಂಡಿನೋವಿಗೆ ಒಳ್ಳೇದು. ಭಾನುವಾರ ಭಾನುವಾರ ಮಾಡು."

"ನಂಗೂ ಸೊಂಟ ಹಿಡ್ಕಂಡದೆ ಅತ್ಗೆ," ಎಂದಳು ಗುರುಸಿದ್ದಮ್ಮ.

ಭಾನುವಾರ ಹಾಲಸ್ವಾಮಿ ಆಸೆಯಿಂದ ಮೂರು ಲೋಟ ಜೋಡಿಸಿದ. ಕಲ್ಲಮ್ಮ ಎರಡಕ್ಕೆ ಚಮಚದಲ್ಲಿ ಅಳೆದು ಹಾಕಿ ಮುಚ್ಚಳ ತಿರುಗಿಸಿದಳು.

"ನಂದು, ಅಕ್ಕಾ?"

"ನೀನು ಗಂಡಸು ಕಣ್ಲಾ. ಗಂಡಸರಿಗೆ ಚಟ ಹತ್ಕಂಬುಡ್ತದೆ."

ಅತ್ತಿಗೆ ನಾದಿನಿಯರು ಜಗಲಿಯಲ್ಲಿ ಕೂತು ಕಿಲಕಿಲ ನಗುತ್ತಿದ್ದರೆ, ಸಂಶೋಧಕರು ಒಳಗೆ ಬರೀ ಗಂಜಿ ಅಗಿಯುತ್ತ ಎರಡನೇ ಸುತ್ತಿಗೆ ಶುಂಠಿ ಜಜ್ಜುತ್ತಿದ್ದರು.